ಬೇಡ ಅಂದವರ ಪಾಡು



ಇವತ್ತಿನ ನನ್ನ ಮಾತು ಹದಿನಾರು ಹದಿನೇಳರ ಹುಡುಗ ಹುಡುಗಿಯರಿಗೆ. ಅವರ ಅಪ್ಪ ಅಮ್ಮ ಪಕ್ಕದ ಕೋಣೆಯಲ್ಲಿ ಕಿವಿಗೊಟ್ಟು ಕೂತಿದ್ದರೂ ಅಡ್ಡಿಯಿಲ್ಲ, ಅವರಿಗೂ ಒಂದೆರಡು ಮಾತಿದೆ. ವಿಷಯ ಏನೆಂದರೆ, ಒಬ್ಬರ ಮನಸ್ಸಿನಲ್ಲಿ ಪ್ರೀತಿ ಹುಟ್ಟಿದೆ, ಇನ್ನೊಬ್ಬರಿಗೆ ಅದು ಬೇಡ. ಹುಡುಗರು ಇದನ್ನು ‘ಒನ್ ಸೈಡ್’ ಎಂದು ಎರಡೇ ಶಬ್ದದಲ್ಲಿ ಮುಗಿಸುತ್ತಾರೆ. “ಅವಂದು ಒನ್ ಸೈಡ್ ರೀ ಮೇಡಂ” ಎಂದು ಒಬ್ಬ ಹೇಳಿದರೆ ಇಡೀ ಬೆಂಚು ನಗುತ್ತದೆ. ಯಾರ ಬಗ್ಗೆ ಹೇಳಿದರೋ ಆತನೂ ನಗುತ್ತಾನೆ, ನಗದೆ ಬೇರೆ ದಾರಿಯಿಲ್ಲ.

ನಾನು ಕನ್ನಡ ಕಲಿಸಿದ್ದು ಜೋಯಿಡಾ ತಾಲ್ಲೂಕಿನ ಗಡಿಯ ಕಡೆ. ಬೆಳಗಾವಿಯಿಂದ ಪಣಜಿಗೆ ಹೋಗುವ ಹೆದ್ದಾರಿ ಖಾನಾಪುರ, ಲೋಂಡಾ, ರಾಮನಗರ ದಾಟಿ ಅನಮೋಡಕ್ಕೆ ಬರುತ್ತದೆ. ಅಲ್ಲಿಂದ ಘಟ್ಟ ಇಳಿದರೆ ಗೋವಾದ ಮೊಲೆಂ. ಹೊರಗಿನವರಿಗೆ ಅನಮೋಡವೆಂದರೆ ಚೆಕ್‌ಪೋಸ್ಟ್, ಸಾಲುಗಟ್ಟಿ ನಿಂತ ಲಾರಿ, ಗೋವಾದಿಂದ ಬರುವ ಗಾಡಿಗಳ ಡಿಕ್ಕಿ ತೆಗೆಸಿ ಬಾಟಲಿ ಹುಡುಕುವ ಅಬಕಾರಿಯವರು. ಅಲ್ಲಿಯ ಮಕ್ಕಳಿಗೆ ಅನಮೋಡವೆಂದರೆ ಬಸ್ಸು. ಹತ್ತನೇ ಇಯತ್ತೆಯ ಮೇಲೆ ಓದಬೇಕೆಂದರೆ ಬಸ್ಸು ಹತ್ತಬೇಕು. ಬೆಳಿಗ್ಗೆ ಹತ್ತುವ ಮುಖಗಳೇ ಸಂಜೆ ಇಳಿಯುವ ಮುಖಗಳು. ಮಳೆಗಾಲದಲ್ಲಿ ಬಸ್ಸು ತಡವಾದರೆ ಅದೇ ಮುಖಗಳು ಒಂದೇ ತಗಡಿನ ಕೆಳಗೆ ಗಂಟೆಗಟ್ಟಲೆ ನಿಲ್ಲಬೇಕು. ಬೆಂಗಳೂರಿನಲ್ಲಿ ಒಬ್ಬ ಹುಡುಗ ಒಬ್ಬ ಹುಡುಗಿಗೆ ಮನಸ್ಸಿನ ಮಾತು ಹೇಳಿ ಬೇಡ ಅನ್ನಿಸಿಕೊಂಡರೆ ಮರುದಿನ ಬೇರೆ ಮೆಟ್ರೋ ಹತ್ತಬಹುದು. ಇಲ್ಲಿ ಬೇರೆ ಬಸ್ಸೇ ಇಲ್ಲ. ನಾನು ಹೇಳುವ ಎಲ್ಲದರ ಹಿಂದೆಯೂ ಈ ಒಂದು ಸಂಗತಿ ಇದೆ.

ಒಬ್ಬ ಹುಡುಗ, ಊರು ಹೆಸರು ಬೇಡ, ಒಂದು ಮಧ್ಯಾಹ್ನ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತ. “ಮೇಡಂ, ಒಂದ್ ಮಾತು ಕೇಳೂದಿತ್ರಿ. ಸಿಟ್ಟಾಗಬಾರದು.” ತರಗತಿಯ ಹುಡುಗಿಯೊಬ್ಬಳ ಹುಟ್ಟುಹಬ್ಬಕ್ಕೆ ಆತ ಹೇಳಿಕೊಳ್ಳುವವನಿದ್ದ. ಯೋಜನೆ ಪೂರ್ತಿ ಸಿದ್ಧವಾಗಿತ್ತು. ಬಸ್ ಸ್ಟ್ಯಾಂಡಿನಲ್ಲಿ ಹೇಳುವುದು, ಗೆಳೆಯರು ಸುತ್ತ ನಿಲ್ಲುವುದು, ಒಬ್ಬನ ಕೈಯಲ್ಲಿ ಗುಲಾಬಿ, ಇನ್ನೊಬ್ಬ ಮೊಬೈಲಿನಲ್ಲಿ ವಿಡಿಯೋ ಹಿಡಿಯುವುದು. ನನ್ನಿಂದ ಅವನಿಗೆ ಬೇಕಾಗಿದ್ದು ಗ್ರೀಟಿಂಗ್ ಕಾರ್ಡಿನಲ್ಲಿ ಬರೆಯಲು ನಾಲ್ಕು ಸಾಲು. ಕನ್ನಡ ಮೇಡಂ ಅಲ್ಲವೇ! ಮನೆಯಲ್ಲಿ ಕೊಂಕಣಿ ಆಡುವ ಹುಡುಗ, ಪ್ರೀತಿಯನ್ನು ಮಾತ್ರ ಶುದ್ಧ ಗ್ರಾಂಥಿಕ ಕನ್ನಡದಲ್ಲಿ ಹೇಳಬೇಕು ಎಂದುಕೊಂಡಿದ್ದ.

“ಆಕಿ ಬ್ಯಾಡ ಅಂದ್ರ?” ಎಂದು ಕೇಳಿದೆ.

“ಅನ್ನಂಗಿಲ್ರಿ.”

“ಅಂದ್ರ?”

ಆತ ನನ್ನ ಮುಖ ನೋಡಿದ. ಗುಲಾಬಿಗೆ ಒಬ್ಬ, ವಿಡಿಯೋಗೆ ಒಬ್ಬ, ಸಾಲುಗಳಿಗೆ ನಾನು, ಎಲ್ಲವನ್ನೂ ಹೊಂದಿಸಿಟ್ಟವನ ಹತ್ತಿರ ಆ ಪ್ರಶ್ನೆಗೆ ಒಂದು ಅರ್ಧ ವಾಕ್ಯವೂ ಇರಲಿಲ್ಲ. ಅದು ಅವನ ದೋಷ ಅಂತ ನನಗೆ ಅನ್ನಿಸುವುದಿಲ್ಲ. ಅವನಿಗೆ ಆ ವಾಕ್ಯವನ್ನು ಯಾರೂ ಕಲಿಸಿಲ್ಲ. ಅದಕ್ಕಿಂತ ದೊಡ್ಡ ಸಂಗತಿ, ಆ ಹುಡುಗಿಗೂ ಯಾರೂ ಕಲಿಸಿಲ್ಲ. ಬಸ್ ಸ್ಟ್ಯಾಂಡಿನಲ್ಲಿ, ಕ್ಯಾಮೆರಾದ ಮುಂದೆ, ಅಷ್ಟು ಜನ ಹುಡುಗರ ನಡುವೆ ನಿಂತ ಆಕೆ ಏನು ಹೇಳಬೇಕು?

1993ರಲ್ಲಿ ಅಮೆರಿಕದ ಮನೋವಿಜ್ಞಾನಿ ರಾಯ್ ಬೌಮೈಸ್ಟರ್ ಮತ್ತು ಅವರ ಇಬ್ಬರು ಸಹೋದ್ಯೋಗಿಗಳು ಒಮ್ಮುಖ ಪ್ರೀತಿಯ ಬಗ್ಗೆ ಒಂದು ಅಧ್ಯಯನ ಪ್ರಕಟಿಸಿದರು. ಅವರು ಮಾಡಿದ್ದು ಸರಳ. ಜನರನ್ನು ಕೂರಿಸಿ ಎರಡು ಕಥೆ ಬರೆಸಿದರು. ನೀವು ಪ್ರೀತಿಸಿ ಸಿಗದೆ ಹೋದದ್ದು ಒಂದು, ನಿಮ್ಮನ್ನು ಯಾರೋ ಪ್ರೀತಿಸಿ ನೀವು ಒಪ್ಪದೆ ಹೋದದ್ದು ಇನ್ನೊಂದು. ಪ್ರೀತಿಸಿದವರ ಬರಹಗಳಲ್ಲಿ ನೋವಿತ್ತು, ಅವಮಾನವಿತ್ತು, ಆದರೂ ಒಂದು ಸಿಹಿ ಉಳಿದಿತ್ತು. ಪ್ರೀತಿಸಿಕೊಂಡವರ ಬರಹದಲ್ಲಿ? ಹೆಮ್ಮೆ ಇರಬಹುದೆಂದು ನಾವು ನೀವು ಊಹಿಸುತ್ತೇವೆ. ಇದ್ದದ್ದು ಕಿರಿಕಿರಿ, ತಪ್ಪಿತಸ್ಥ ಭಾವ, ಏನು ಮಾಡಬೇಕೆಂದು ತೋಚದ ಗಲಿಬಿಲಿ. ತಾವಾಗಿ ಏನೂ ಮಾಡಿಲ್ಲ, ಆದರೂ ಇನ್ನೊಬ್ಬರ ಕಣ್ಣೀರಿಗೆ ಕಾರಣರಾಗಿಬಿಟ್ಟಿದ್ದಾರೆ. ಇನ್ನೊಂದು ವಿಚಿತ್ರ: ಪ್ರೀತಿಸಿದವರು ‘ನನಗೆ ಆಸೆ ಹುಟ್ಟಿಸಿದರು, ಸ್ಪಷ್ಟವಾಗಿ ಬೇಡ ಅನ್ನಲೇ ಇಲ್ಲ’ ಎನ್ನುವ ಧಾಟಿಯಲ್ಲಿ ಬರೆದರೆ, ಒಪ್ಪದವರು ‘ನಾನು ಹೇಳಿದೆ, ಕೇಳಿಸಿಕೊಳ್ಳಲಿಲ್ಲ’ ಎನ್ನುವ ಧಾಟಿಯಲ್ಲಿ ಬರೆದಿದ್ದರು. ಸಂಶೋಧಕರು ಮುಖ್ಯವಾಗಿ ಗುರುತಿಸಿದ ಇನ್ನೊಂದು ಅಂಶವಿದೆ. ಪ್ರೀತಿಸುವವರಿಗೆ ಹೇಗೆ ನಡೆದುಕೊಳ್ಳಬೇಕೆಂದು ಸಿನಿಮಾ, ಹಾಡು, ಕಾದಂಬರಿ ಎಲ್ಲವೂ ಹೇಳಿಕೊಟ್ಟಿವೆ. ಬೇಡ ಅನ್ನುವವರಿಗೆ ಅಂಥ ಮಾದರಿಯೇ ಇಲ್ಲ.

ಅದು ದೂರದ ದೇಶದ ಮಾತು ಅನ್ನಬಹುದು. ಸರಿ, ನಮ್ಮದೇ ಸಿನಿಮಾ ನೋಡೋಣ. 1982ರ ‘ಮಾನಸ ಸರೋವರ’ ನೆನಪಿರುವವರು ನೆನಪು ಮಾಡಿಕೊಳ್ಳಿ, ಮಕ್ಕಳು ಅಜ್ಜಿಯನ್ನು ಕೇಳಿ. ಪುಟ್ಟಣ್ಣ ಕಣಗಾಲರ ಆ ಚಿತ್ರದಲ್ಲಿ ಶ್ರೀನಾಥ್ ಮನೋವೈದ್ಯ. ತಾನು ಗುಣಪಡಿಸಿದ ಹುಡುಗಿಯನ್ನೇ ಪ್ರೀತಿಸುತ್ತಾನೆ. ಅವಳ ಮನಸ್ಸು ಬೇರೊಬ್ಬನ ಮೇಲೆ. ಕೊನೆಗೆ ವೈದ್ಯನೇ ಬುದ್ಧಿ ಕಳೆದುಕೊಳ್ಳುತ್ತಾನೆ. ನಾವೆಲ್ಲ ಥಿಯೇಟರಿನಲ್ಲಿ ಸೆರಗಿನಿಂದ ಕಣ್ಣೊರೆಸಿಕೊಂಡವರೇ, ಮತ್ತು ಅತ್ತಿದ್ದು ಡಾಕ್ಟರಿಗಾಗಿ. ಪದ್ಮಾ ವಾಸಂತಿ ಮಾಡಿದ ಆ ಪಾತ್ರದ ಕಡೆಯಿಂದ ಯೋಚಿಸಿದವರು ಎಷ್ಟು ಮಂದಿ? ಚಿಕಿತ್ಸೆ ಕೊಟ್ಟವನ ಮೇಲೆ ಆಕೆಗೆ ಗೌರವವಿತ್ತು, ಋಣವಿತ್ತು. ಗುಣವಾದದ್ದಕ್ಕೆ ಪ್ರತಿಯಾಗಿ ಮನಸ್ಸನ್ನೂ ಕೊಡಬೇಕಾಗಿತ್ತೇ? 2006ರ ಕೊನೆಗೆ ಬಂದ ‘ಮುಂಗಾರು ಮಳೆ’ ಇನ್ನೊಂದು ತಲೆಮಾರನ್ನು ಅಳಿಸಿತು. ಅದರ ಹಾಡುಗಳಿಗೆ ಸಾಹಿತ್ಯ ಬರೆದವರಲ್ಲಿ ನಮ್ಮ ಜಿಲ್ಲೆಯವರೇ ಆದ ಗೋಕರ್ಣದ ಜಯಂತ ಕಾಯ್ಕಿಣಿ ಇದ್ದಾರೆ, ಆ ಹಾಡುಗಳನ್ನು ನಾನೂ ಗುನುಗುತ್ತೇನೆ. ಆ ಚಿತ್ರದ ಬಗ್ಗೆ ನನಗೊಂದು ಗೌರವವೂ ಇದೆ, ನಾಯಕ ಕೊನೆಗೆ ಬಿಟ್ಟುಕೊಡುತ್ತಾನೆ. ಆದರೆ ನಮ್ಮ ಹುಡುಗರು ಅದರಿಂದ ಎತ್ತಿಕೊಂಡಿದ್ದು ಕೊನೆಯನ್ನಲ್ಲ. ಹುಡುಗಿ ಎಷ್ಟು ಸಲ ಬೈದರೂ ನಗುನಗುತ್ತ ಹಿಂದೆ ಬಿದ್ದಿರಬೇಕು ಎಂಬುದನ್ನು ಎತ್ತಿಕೊಂಡರು. ಬೇಡ ಅಂದರೆ ಇನ್ನೊಮ್ಮೆ ಕೇಳು, ಬೈದರೆ ಅದೂ ಪ್ರೀತಿಯೇ. ಸಿನಿಮಾದಲ್ಲಿ ಎರಡೂವರೆ ಗಂಟೆಯಲ್ಲಿ ಇದು ಮುಗಿಯುತ್ತದೆ. ಅನಮೋಡದ ಬಸ್ಸಿನಲ್ಲಿ ಎರಡು ವರ್ಷ ನಡೆಯುತ್ತದೆ.

ಆ ಎರಡು ವರ್ಷದಲ್ಲಿ ಏನಾಗುತ್ತದೆ ಎಂದು ಹೇಳುತ್ತೇನೆ. ನಮ್ಮ ಕಡೆಯ ತರಗತಿಗಳಲ್ಲಿ ಎಲ್ಲ ಬಗೆಯ ಮಕ್ಕಳೂ ಇರುತ್ತಾರೆ. ಸೂಪಾ ಅಣೆಕಟ್ಟಿನ ನೀರಿಗೆ ಊರು ಬಿಟ್ಟುಕೊಟ್ಟು ರಾಮನಗರಕ್ಕೆ ಬಂದವರ ಮೊಮ್ಮಕ್ಕಳು, ಕುಣಬಿಗಳ ಮಕ್ಕಳು, ಗೌಳಿವಾಡೆಯಿಂದ ಕಾಡುದಾರಿ ನಡೆದು ಬರುವವರು, ಮರಾಠರು, ಮುಸ್ಲಿಮರು, ಕ್ರೈಸ್ತರು, ರೈಲ್ವೆ ನೌಕರರ ಮಕ್ಕಳು. ಒಂದೇ ಬೆಂಚಿನಲ್ಲಿ ಕೂತು ಒಂದೇ ಡಬ್ಬಿ ಹಂಚಿಕೊಂಡು ತಿನ್ನುತ್ತಾರೆ, ಅದೇ ನನಗೆ ಆ ಕೆಲಸದಲ್ಲಿ ಸಿಕ್ಕ ದೊಡ್ಡ ಸಂತೋಷ. ಆದರೆ ‘ಯಾರೋ ಯಾರಿಗೋ ಗುಲಾಬಿ ಕೊಟ್ಟನಂತೆ’ ಎಂಬ ಸುದ್ದಿ ಹುಟ್ಟಿದ ಸಂಜೆಯೇ ಜಾತಿ, ಕೇರಿ, ಮನೆತನ ಎಲ್ಲ ಎದ್ದು ಕೂರುತ್ತವೆ. ಹುಡುಗನಿಗೆ ಬೀಳುವುದು ಎರಡು ಪೆಟ್ಟು. ಹುಡುಗಿಗೆ ನಿಲ್ಲುವುದು ಕಾಲೇಜು. ಆಕೆ ಗುಲಾಬಿ ತೆಗೆದುಕೊಂಡಳೋ ಬಿಟ್ಟಳೋ ಯಾರೂ ಕೇಳುವುದಿಲ್ಲ, “ನಿನಗೇ ಯಾಕೆ ಕೊಟ್ಟ?” ಎಂದು ಕೇಳುತ್ತಾರೆ. ಒಬ್ಬಳ ತಾಯಿ ಟಿಸಿ ಕೇಳಲು ಬಂದವರು ನನ್ನೆದುರು ಕೂತು, “ಅಕ್ಕೋರೆ, ನಮ್ಮ ಹುಡುಗಿದು ಏನೂ ತಪ್ಪಿಲ್ಲ, ಗೊತ್ತುಂಟು. ಆದ್ರೆ ಬಸ್ಸಿಗೆ ಯಾರು ಕಾಯೂದು?” ಎಂದರು. ಆ ತಾಯಿಗೆ ನಾನು ಕೊಡಬಹುದಾದ ಉತ್ತರ ನನ್ನ ಪಠ್ಯಪುಸ್ತಕದಲ್ಲಿ ಇರಲಿಲ್ಲ. ದೂರದಿಂದ ಓದಲು ಬರುವ ಹುಡುಗಿಯ ಓದು ಒಂದು ಗುಸುಗುಸುವಿಗೆ ನಿಂತುಹೋಗುವಷ್ಟು ತೆಳುವಾದ ದಾರದಲ್ಲಿ ತೂಗುತ್ತಿರುತ್ತದೆ. ಗುಲಾಬಿ ಹಿಡಿದ ಹುಡುಗನಿಗೆ ಅದು ಕಾಣುವುದಿಲ್ಲ.

ಪಠ್ಯಪುಸ್ತಕ ಅಂದೆನಲ್ಲ, ಅದರಲ್ಲಿ ಬೇರೆ ಒಂದು ಕಥೆ ಇದೆ. ಸುಮಾರು ಒಂಬೈನೂರು ವರ್ಷದ ಹಿಂದೆ ನಾಗಚಂದ್ರ ಎಂಬ ಜೈನ ಕವಿ ‘ರಾಮಚಂದ್ರಚರಿತಪುರಾಣ’ ಬರೆದ. ಪಂಪರಾಮಾಯಣ ಎಂದೂ ಕರೆಯುತ್ತಾರೆ. ದ್ವಿತೀಯ ಪಿಯುಸಿಗೆ ಅದರ ಒಂದು ಭಾಗವನ್ನು ನಾನು ಪಾಠ ಮಾಡಿದ್ದೇನೆ, ಪರೀಕ್ಷೆಗೆ ಬಾಯಿಪಾಠ ಮಾಡಿದ ಅಣ್ಣ ಅಕ್ಕಂದಿರು ನಿಮ್ಮ ಮನೆಯಲ್ಲೂ ಇರಬಹುದು. ಅಲ್ಲಿ ರಾವಣ ಹತ್ತು ತಲೆಯ ರಾಕ್ಷಸನಲ್ಲ, ಒಂದು ಕೆಟ್ಟ ಗಳಿಗೆಯಲ್ಲಿ ಸೀತೆಯ ಮೇಲೆ ಮನಸ್ಸು ಹಾಕಿದ ದೊಡ್ಡ ಮನುಷ್ಯ. ಹೊಸ ವಿದ್ಯೆಯೊಂದನ್ನು ಸಿದ್ಧಿ ಮಾಡಿಕೊಂಡು ಬಲದ ಅಮಲಿನಲ್ಲಿ ಅವಳೆದುರು ನಿಲ್ಲುತ್ತಾನೆ. ಇನ್ನು ನಿನ್ನ ರಾಮ ಉಳಿಯುವುದಿಲ್ಲ ಎನ್ನುತ್ತಾನೆ. ಸೀತೆ ರಾಮನ ಪ್ರಾಣಕ್ಕಾಗಿ ಬೇಡಿಕೊಂಡು ಮೂರ್ಛೆ ಹೋಗುತ್ತಾಳೆ. ಅದನ್ನು ಕಂಡ ರಾವಣನ ಮನಸ್ಸು ಅಲ್ಲಿಯೇ ತಿಳಿಯಾಗುತ್ತದೆ. ಇವಳಿಗೆ ನಾನು ಬೇಡ, ಯಾವತ್ತೂ ಬೇಡ ಎಂಬುದು ಅವನಿಗೆ ಮೊದಲ ಬಾರಿ ತಾಗುತ್ತದೆ. ಒಬ್ಬರನ್ನೊಬ್ಬರು ಪ್ರೀತಿಸುವ ಇಬ್ಬರನ್ನು ಅಗಲಿಸಿದೆನಲ್ಲಾ, ತಮ್ಮ ವಿಭೀಷಣ ಹೇಳಿದ್ದನ್ನು ಕೇಳಲಿಲ್ಲವಲ್ಲಾ ಎಂದು ಬೇಯುತ್ತಾನೆ.

ಕನ್ನಡ ಸಾಹಿತ್ಯದಲ್ಲಿ ಒಬ್ಬ ಗಂಡಸು ‘ಬೇಡ’ ಎಂಬ ಮಾತನ್ನು ಪೂರ್ತಿಯಾಗಿ ಕೇಳಿಸಿಕೊಂಡ ಗಳಿಗೆಯನ್ನು ಹುಡುಕಿದರೆ ನನಗೆ ಮೊದಲು ಸಿಗುವುದು ಇದು. ಪಾಠ ಮಾಡುವಾಗ ಮೇಷ್ಟ್ರುಗಳು ಸಾಮಾನ್ಯವಾಗಿ ಇಲ್ಲಿಗೇ ನಿಲ್ಲಿಸುತ್ತಾರೆ, ಪಶ್ಚಾತ್ತಾಪದ ಮಹತ್ವ, ನಾಲ್ಕು ಅಂಕ. ಆದರೆ ನಾಗಚಂದ್ರ ಅಲ್ಲಿಗೆ ನಿಲ್ಲಿಸಿಲ್ಲ. ಮನಸ್ಸು ತಿಳಿಯಾದ ರಾವಣ ಮರುಕ್ಷಣ ಏನು ಯೋಚಿಸುತ್ತಾನೆ? ಈಗಲೇ ಸೀತೆಯನ್ನು ಒಪ್ಪಿಸಿದರೆ ಜನ ನನ್ನನ್ನು ಹೆದರಿದ ಅಂದುಕೊಂಡಾರು. ಮೊದಲು ಯುದ್ಧದಲ್ಲಿ ರಾಮ ಲಕ್ಷ್ಮಣರನ್ನು ಸೆರೆಹಿಡಿದು, ಆಮೇಲೆ ಗೌರವದಿಂದ ಒಪ್ಪಿಸುತ್ತೇನೆ. ಆಸೆ ಹೋಗಿದೆ, ಪ್ರೀತಿಯೂ ಹೋಗಿದೆ. ಉಳಿದಿರುವುದು ಜನ ಏನು ಅಂದಾರು ಎಂಬುದೊಂದೇ. ಲಂಕೆ ಹಾಳಾದದ್ದು ಅದಕ್ಕೆ. ಈ ಭಾಗ ಓದುವಾಗಲೆಲ್ಲ ನನಗೆ ಬಸ್ ಸ್ಟ್ಯಾಂಡಿನಲ್ಲಿ ಮೊಬೈಲು ಹಿಡಿದು ನಿಂತ ಗೆಳೆಯ ಕಾಣುತ್ತಾನೆ. ಹುಡುಗಿ ಬೇಡ ಅಂದ ಮೇಲೆ ನಮ್ಮ ಹುಡುಗ ಅಲ್ಲಿಗೆ ಬಿಡಬಹುದಿತ್ತು. ಗೆಳೆಯರು ನೋಡುತ್ತಿದ್ದಾರೆ, ಬಿಡಲಾರ. ಮರುದಿನ ಮತ್ತೆ ಹೋಗುವುದು ಅವಳಿಗಾಗಿ ಅಲ್ಲ, ಅವರಿಗಾಗಿ.

ಹಾಗಾದರೆ ಹುಡುಗಿಯರು ಹೇಳಿಕೊಳ್ಳುವುದಿಲ್ಲವೇ ಎಂದರೆ ಹೇಳಿಕೊಳ್ಳುತ್ತಾರೆ, ಹೆದರಿ ಹೆದರಿ. ನಮ್ಮ ಪುರಾಣಗಳನ್ನು ನೋಡಿದರೆ ಆ ಹೆದರಿಕೆಗೆ ಕಾರಣ ಸಿಗುತ್ತದೆ. ಬಾಯಿಬಿಟ್ಟು ಹೇಳಿದ ಶೂರ್ಪನಖಿಯನ್ನು ಮೊದಲು ಅಣ್ಣ ತಮ್ಮ ಸೇರಿ ಗೇಲಿ ಮಾಡಿದರು, ಆಮೇಲೆ ಮೂಗು ಕೊಯ್ದರು. ಊರ್ವಶಿ ಹೇಳಿದಳು, ಅರ್ಜುನ ಒಪ್ಪಲಿಲ್ಲ, ಶಾಪ ಕೊಟ್ಟಳು. ಯಲ್ಲಾಪುರ, ಶಿರಸಿ ಕಡೆಯ ಯಕ್ಷಗಾನ ಪ್ರಿಯರಿಗೆ ಕಚ ದೇವಯಾನಿಯರ ಕಥೆ ಹೇಳಿಕೊಡಬೇಕಾಗಿಲ್ಲ. ಗುರುವಿನ ಮಗಳು, ಎಷ್ಟೋ ವರ್ಷ ಒಂದೇ ಮನೆಯಲ್ಲಿ ಬೆಳೆದವಳು, ಸತ್ತವನನ್ನು ತಂದೆಗೆ ಹೇಳಿ ಮತ್ತೆ ಮತ್ತೆ ಬದುಕಿಸಿದವಳು. ಅವನು ಹೊರಟು ನಿಂತಾಗ ಹೇಳಿಕೊಂಡಳು. ಕಚ ಒಪ್ಪಲಿಲ್ಲ. ಕಲಿತ ವಿದ್ಯೆ ನಿನಗೆ ಫಲಿಸದಿರಲಿ ಎಂದು ಶಪಿಸಿದಳು. ಅವನೂ ಸುಮ್ಮನಿರಲಿಲ್ಲ, ಋಷಿಕುಮಾರ ಯಾರೂ ನಿನ್ನ ಕೈ ಹಿಡಿಯದಿರಲಿ ಎಂದು ತಿರುಗಿ ಶಪಿಸಿದ. ಹದಿಹರೆಯದ ಜಗಳವೆಂದರೆ ಇದೇ! ಪ್ರಾಣ ಉಳಿಸಿದ ಮಾತ್ರಕ್ಕೆ ಪ್ರೀತಿಯ ಮೇಲೆ ಹಕ್ಕು ಬರುತ್ತದೆಯೇ ಎಂಬ ಪ್ರಶ್ನೆಗೆ ದೇವಯಾನಿಯ ಹತ್ತಿರ ಒಂದು ಉತ್ತರ, ಕಚನ ಹತ್ತಿರ ಇನ್ನೊಂದು. ಒಳ್ಳೆಯ ಅರ್ಥಧಾರಿಗಳು ಎರಡನ್ನೂ ಸಮ ತೂಗಿ ಆಡುತ್ತಾರೆ, ಕೇಳುವುದಕ್ಕೆ ಅದೇ ಚೆಂದ.

ಈಗ ಮೊಬೈಲಿನ ಮಾತು. ಚೀಟಿ ಬರೆದು ನೋಟ್‌ಬುಕ್ಕಿನ ನಡುವೆ ಇಡುವ ಕಾಲ ಹೋಯಿತು, ಈಗ ವಾಟ್ಸಾಪು, ಇನ್‌ಸ್ಟಾಗ್ರಾಮು. ಕಾಳಿ ಹುಲಿ ಸಂರಕ್ಷಿತ ಪ್ರದೇಶದ ಅಂಚಿನ ನಮ್ಮ ಊರುಗಳಲ್ಲಿ ನೆಟ್‌ವರ್ಕು ಗುಡ್ಡದ ಒಂದು ಬಂಡೆಯ ಮೇಲೆ ಮಾತ್ರ ಸಿಗುತ್ತದೆ ಎಂಬುದು ನಗರದವರಿಗೆ ತಮಾಷೆ. ರಾತ್ರಿ ಬಂಡೆ ಹತ್ತಿ ಕಳಿಸಿದ ಮೆಸೇಜಿಗೆ ಒಂದೇ ಟಿಕ್. ಆಕೆಯ ಮನೆಯಲ್ಲಿ ಸಿಗ್ನಲ್ ಇಲ್ಲವೋ, ಬ್ಲಾಕ್ ಮಾಡಿದ್ದಾಳೋ? ಡೊರತಿ ಟೆನ್ನೊವ್ ಎಂಬ ಮನೋವಿಜ್ಞಾನಿ 1979ರಲ್ಲಿ ಬರೆದ ಪುಸ್ತಕದಲ್ಲಿ, ನೂರಾರು ಜನರ ಪ್ರೇಮದ ಅನುಭವಗಳನ್ನು ಸಂಗ್ರಹಿಸಿ ಒಂದು ಮಾತು ತೋರಿಸಿಕೊಟ್ಟರು. ಇಂಥ ಹಂಬಲವನ್ನು ಬೆಳೆಸುವುದು ಒಪ್ಪಿಗೆಯೂ ಅಲ್ಲ, ನಿರಾಕರಣೆಯೂ ಅಲ್ಲ, ನಡುವಿನ ಅನಿಶ್ಚಯ. ಒಂದಿಷ್ಟು ಆಸೆ, ಒಂದಿಷ್ಟು ಸಂಶಯ ಇದ್ದರೆ ಅದು ವರ್ಷಗಟ್ಟಲೆ ಉರಿಯುತ್ತದೆ. ಹೀಗಾಗಿ ‘ವಿಚಾರ ಮಾಡಿ ಹೇಳ್ತೇನೆ’ ಎಂದು ಹುಡುಗನ ಮನಸ್ಸು ನೋಯಿಸದಿರಲು ಹೇಳುವ ಹುಡುಗಿ, ಹಾಗೇ ಹುಡುಗಿಗೆ ‘ಈಗ ಪರೀಕ್ಷೆ ಇದೆ’ ಎನ್ನುವ ಹುಡುಗ, ದಯೆ ತೋರುತ್ತಿದ್ದೇವೆ ಎಂದುಕೊಳ್ಳುತ್ತಾರೆ. ಎದುರಿನವರ ಕಿವಿಗೆ ಅದು ಬೇಡ ಎಂದು ಕೇಳಿಸುವುದೇ ಇಲ್ಲ, ಪರೀಕ್ಷೆ ಮುಗಿಯಲಿ ಎಂದು ಕೇಳಿಸುತ್ತದೆ.

ನೋವು ಸುಳ್ಳಲ್ಲ. ಹೆಲೆನ್ ಫಿಶರ್ ಮತ್ತು ಸಂಗಡಿಗರು 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪ್ರೀತಿ ಕಳೆದುಕೊಂಡ 15 ಯುವಕ ಯುವತಿಯರಿಗೆ ಬಿಟ್ಟುಹೋದವರ ಫೋಟೋ ತೋರಿಸಿ ಮಿದುಳಿನ ಎಂಆರ್‌ಐ ತೆಗೆದರು. ಚಟಕ್ಕೆ ಬಿದ್ದವರ ಮಿದುಳಿನಲ್ಲಿ ಚುರುಕಾಗುವ ಭಾಗಗಳೇ ಇವರಲ್ಲೂ ಚುರುಕಾದವು, ಮೈನೋವಿಗೆ ಸಂಬಂಧಿಸಿದ ಭಾಗಗಳೂ. ಅದರಲ್ಲೇ ಇನ್ನೊಂದು ಸಮಾಧಾನದ ಸುದ್ದಿಯಿತ್ತು. ಬಿಟ್ಟು ಹೋಗಿ ಹೆಚ್ಚು ದಿನ ಕಳೆದಿದ್ದವರಲ್ಲಿ, ಅಂಟಿಕೊಳ್ಳುವ ಭಾವಕ್ಕೆ ಸಂಬಂಧಿಸಿದ ಮಿದುಳಿನ ಭಾಗದ ಚುರುಕು ಕಡಿಮೆಯಿತ್ತು. ‘ಇದೆಲ್ಲ ವಯಸ್ಸಿನ ಹುಚ್ಚು, ಬಿಡು’ ಎಂದು ದೊಡ್ಡವರು ಹೇಳುವುದರಲ್ಲಿ ಕಾಲದ ಮಾತು ನಿಜ, ಹುಚ್ಚಿನ ಮಾತು ಸುಳ್ಳು.

ಹೇಳಬೇಕೇ ಬೇಡವೇ? ಹೇಳಬೇಡ ಎಂದು ನಾನು ಯಾವ ಮಗುವಿಗೂ ಹೇಳಿಲ್ಲ. ಇಷ್ಟ ಇದೆ ಎಂದು ಹೇಳುವುದು ಅಪರಾಧವೂ ಅಲ್ಲ, ಪಾಪವೂ ಅಲ್ಲ. ಆದರೆ ಬೇಡ ಅನ್ನಲು ಎದುರಿನವರಿಗೆ ಜಾಗ ಬಿಟ್ಟು ಹೇಳು. ಜಾಗ ಅಂದರೆ ನಿಜವಾದ ಜಾಗವೇ. ದಾರಿ ಅಡ್ಡಗಟ್ಟಿ ಅಲ್ಲ, ಬಸ್ಸಿನ ಕಿಟಕಿ ಸೀಟಿನಲ್ಲಿ ಆಕೆ ಕೂತಿದ್ದಾಗ ಪಕ್ಕದಲ್ಲಿ ಕೂತು ಅಲ್ಲ, ಉಳವಿ ಜಾತ್ರೆಯ ಗದ್ದಲದಲ್ಲಿ ಕೈ ಹಿಡಿದು ನಿಲ್ಲಿಸಿ ಅಂತೂ ಅಲ್ಲವೇ ಅಲ್ಲ. ಗೆಳೆಯರನ್ನು ಕರೆದುಕೊಂಡು ಹೋಗಬೇಡ. ಕೈ ಕೊಯ್ದುಕೊಳ್ಳುತ್ತೇನೆ, ವಿಷ ಕುಡಿಯುತ್ತೇನೆ ಎನ್ನಬೇಡ, ಅದು ಪ್ರೀತಿ ಹೇಳಿದ್ದಲ್ಲ, ಹೆದರಿಸಿದ್ದು. ಅವಳ ಗೆಳತಿಯ ಕೈಲಿ ಚೀಟಿ ಕೊಟ್ಟರೆ ಸಂಜೆಗೆ ಇಡೀ ರಾಮನಗರಕ್ಕೆ ಗೊತ್ತಾಗುತ್ತದೆ. ಒಮ್ಮೆ ಹೇಳು, ಎರಡು ಮಾತಿನಲ್ಲಿ ಹೇಳು, ಉತ್ತರ ಕೇಳು. ಬೇಡ ಅಂದರೆ ‘ಯಾಕೆ’ ಎಂದು ಕೇಳುವ ಹಕ್ಕಿಲ್ಲ. ಈ ಕೊನೆಯದು ಹುಡುಗರಿಗೆ ತುಂಬಾ ಕಠಿಣ. ಕಾರಣ ಹೇಳಿದರೆ ಆ ಕಾರಣವನ್ನು ಸರಿಪಡಿಸಿಕೊಂಡು ಮತ್ತೆ ಬರಬಹುದು ಎಂಬ ಲೆಕ್ಕ. ಮನಸ್ಸಿಗೆ ಬಾರದಿರುವುದಕ್ಕೆ ಕಾರಣ ಬೇಕಾಗಿಲ್ಲ.

ಬೇಡ ಅನ್ನುವವರಿಗೂ ಒಂದು ಮಾತು. ನಗಬೇಡಿ. ಸ್ಕ್ರೀನ್‌ಶಾಟ್ ತೆಗೆದು ಗ್ರೂಪಿಗೆ ಹಾಕಬೇಡಿ. ಮುಟ್ಟಿದರೆ, ಹಿಂಬಾಲಿಸಿದರೆ, ಎರಡನೇ ಸಲ ಬಂದರೆ ಆಗ ಬೇರೆ ದಾರಿ ಇದೆ, ದೊಡ್ಡವರಿಗೆ ಹೇಳಿ. ಮೊದಲ ಸಲ ಮರ್ಯಾದೆಯಿಂದ ಬಂದವರಿಗೆ “ನನಗೆ ಆ ಭಾವನೆ ಇಲ್ಲ, ಇನ್ನು ಈ ಮಾತು ಬೇಡ” ಎಂದು ಅಷ್ಟೇ ಹೇಳಿ. ‘ಸಾರಿ’ ಸೇರಿಸುವುದು ಬಿಡುವುದು ನಿಮ್ಮ ಇಷ್ಟ, ನನ್ನ ಕೇಳಿದರೆ ಬೇಡ, ನೀವು ತಪ್ಪು ಮಾಡಿಲ್ಲ.

ಕಾನೂನಿನ ಮಾತು ಹೇಳಲೇಬೇಕು, ಮಕ್ಕಳಿಗೆ ಇದನ್ನು ಯಾರೂ ಸರಿಯಾಗಿ ಹೇಳುವುದಿಲ್ಲ. ಹುಡುಗಿ ಬೇಡ ಅಂದ ಮೇಲೂ ಹಿಂದೆ ಬೀಳುವುದು, ಮತ್ತೆ ಮತ್ತೆ ಸಂಪರ್ಕಿಸುವುದು 2013ರಿಂದ ನಮ್ಮ ದೇಶದಲ್ಲಿ ಪ್ರತ್ಯೇಕ ಅಪರಾಧ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದು 78ನೇ ಸೆಕ್ಷನ್, ಮೊದಲ ಸಲಕ್ಕೇ ಮೂರು ವರ್ಷದವರೆಗೆ ಶಿಕ್ಷೆಯಾಗಬಹುದು. ಹದಿನೆಂಟು ತುಂಬದವನಾದರೆ ಬಾಲನ್ಯಾಯ ಮಂಡಳಿಯ ಮುಂದೆ ನಿಲ್ಲಬೇಕು. ಇನ್ನು ಇಬ್ಬರಿಗೂ ಇಷ್ಟವಿದ್ದು ದೈಹಿಕ ಸಂಬಂಧಕ್ಕೆ ಹೋದರೂ, ಹದಿನೆಂಟರ ಒಳಗಿನವರ ಒಪ್ಪಿಗೆಗೆ ಪೋಕ್ಸೋ ಕಾಯ್ದೆಯಲ್ಲಿ ಬೆಲೆಯಿಲ್ಲ. ನಮ್ಮ ಜಿಲ್ಲೆಯ ಮೇಲ್ಮನವಿಗಳು ಹೋಗುವ ಧಾರವಾಡದ ಹೈಕೋರ್ಟ್ ಪೀಠದ ಮುಂದೆ 2022ರಲ್ಲಿ ಇಂಥದೊಂದು ಪ್ರಕರಣ ಬಂದಿತ್ತು. ಹದಿನೇಳರ ಹುಡುಗಿ ಹುಡುಗನ ಜೊತೆ ಹೋಗಿದ್ದಳು, ತಂದೆತಾಯಿ ದೂರು ಕೊಟ್ಟಿದ್ದರು, ಪ್ರಕರಣ ಮೇಲಿನ ಕೋರ್ಟಿಗೆ ಬರುವ ಹೊತ್ತಿಗೆ ಅವರಿಬ್ಬರೂ ಮದುವೆಯಾಗಿ ಎರಡು ಮಕ್ಕಳ ತಂದೆತಾಯಿಯಾಗಿದ್ದರು. ವಯಸ್ಸಿನ ಮಿತಿಯ ಬಗ್ಗೆ ಕಾನೂನು ಆಯೋಗ ಮತ್ತೆ ಯೋಚಿಸಬೇಕು ಎಂದ ನ್ಯಾಯಾಲಯ, ಒಂಬತ್ತನೇ ತರಗತಿಯಿಂದಲೇ ಮಕ್ಕಳಿಗೆ ಈ ಕಾಯ್ದೆಯನ್ನು ತಿಳಿಸಿಕೊಡುವ ಪಾಠ ರೂಪಿಸಲು ಶಿಕ್ಷಣ ಇಲಾಖೆಗೆ ಹೇಳಿತು. ಆಯೋಗ 2023ರ ಸೆಪ್ಟೆಂಬರಿನ ತನ್ನ 283ನೇ ವರದಿಯಲ್ಲಿ ವಯಸ್ಸು ಇಳಿಸುವುದು ಬೇಡ ಎಂದಿತು.

2024ರ ಏಪ್ರಿಲ್ ಮತ್ತು ಮೇ ತಿಂಗಳಲ್ಲಿ, ನಮ್ಮಿಂದ ದೂರವೇನೂ ಅಲ್ಲದ ಹುಬ್ಬಳ್ಳಿಯಲ್ಲಿ ಇಬ್ಬರು ಯುವತಿಯರು ಚೂರಿ ಇರಿತಕ್ಕೆ ಬಲಿಯಾದರು, ಒಬ್ಬಳು ಕಾಲೇಜಿನ ಆವರಣದಲ್ಲಿ, ಇನ್ನೊಬ್ಬಳು ತನ್ನ ಮನೆಯಲ್ಲಿ. ಬೇಡ ಅಂದದ್ದಕ್ಕೆ ಕೊಂದರು ಎಂಬುದು ಆರೋಪ. ಆ ದಿನಗಳಲ್ಲಿ ಊರೂರಿಗೆ ಮೆರವಣಿಗೆ ಆಯಿತು, ಭಾಷಣ ಆಯಿತು. ಹುಡುಗರನ್ನು ಕೂರಿಸಿಕೊಂಡು ‘ಬೇಡ ಅನ್ನಿಸಿಕೊಂಡರೆ ಏನು ಮಾಡುತ್ತೀರಿ’ ಎಂದು ಕೇಳಿದ ಸಭೆಯೊಂದರ ಸುದ್ದಿಯೂ ನನ್ನ ಕಣ್ಣಿಗೆ ಬೀಳಲಿಲ್ಲ.

ಈಗ ಪಕ್ಕದ ಕೋಣೆಯವರಿಗೆ. ಮಗಳ ಹೆಸರಿಗೆ ಚೀಟಿ ಬಂದರೆ ಮಗಳ ಕಾಲೇಜು ಬಿಡಿಸಬೇಡಿ, ತಪ್ಪು ಚೀಟಿ ಬರೆದವನದೂ ಇರಲಿಕ್ಕಿಲ್ಲ, ಅವಳದಂತೂ ಅಲ್ಲ. ಮಗ ನಾಲ್ಕು ದಿನ ಊಟ ಬಿಟ್ಟು ಮುಖ ತಿರುಗಿಸಿ ಮಲಗಿದರೆ “ಯಾವಳು ಅವಳು?” ಎಂದು ಶುರು ಮಾಡಬೇಡಿ. ಮೊಬೈಲ್ ಕಸಿದುಕೊಂಡರೆ ದುಃಖ ಕಡಿಮೆಯಾಗುವುದಿಲ್ಲ, ಅದನ್ನು ಹೇಳಿಕೊಳ್ಳುವ ಗೆಳೆಯರೂ ಇಲ್ಲದಾಗುತ್ತಾರೆ. ಸಾಯುವ ಮಾತು ಬಾಯಲ್ಲಿ ಬಂದರೆ ಮಾತ್ರ ಹಗುರವಾಗಿ ತೆಗೆದುಕೊಳ್ಳಬೇಡಿ. 14416ಕ್ಕೆ ಫೋನ್ ಮಾಡಿ, ಟೆಲಿ ಮಾನಸ್ ಅಂತ, 2022ರ ಅಕ್ಟೋಬರಿನಿಂದ ನಡೆಯುತ್ತಿದೆ, ಹಣ ಕೊಡಬೇಕಾಗಿಲ್ಲ, ಕನ್ನಡದಲ್ಲಿ ಮಾತಾಡುತ್ತಾರೆ, ರಾತ್ರಿಯೂ ಎತ್ತುತ್ತಾರೆ. ಸರಕಾರಿ ಆಸ್ಪತ್ರೆಗಳಲ್ಲಿ ಹದಿಹರೆಯದವರಿಗೆಂದೇ ಸ್ನೇಹ ಕ್ಲಿನಿಕ್ ಎಂಬ ವ್ಯವಸ್ಥೆ ಇದೆ, ಅದನ್ನೂ ಕೇಳಿ ನೋಡಿ. ಮಕ್ಕಳ ಸಹಾಯವಾಣಿ 1098 ಮಕ್ಕಳೇ ನೇರವಾಗಿ ಕರೆಯಬಹುದಾದದ್ದು.

ನನ್ನ ಸಹೋದ್ಯೋಗಿ ಅಧ್ಯಾಪಕರಿಗೆ ಉಪದೇಶ ಮಾಡುವಷ್ಟು ದೊಡ್ಡವಳು ನಾನಲ್ಲ, ಒಂದು ಪ್ರಯೋಗ ಹೇಳುತ್ತೇನೆ. ನಾಗಚಂದ್ರನ ಪಾಠ ಮುಗಿದ ಮೇಲೆ ಒಮ್ಮೆ ಮಕ್ಕಳಿಗೆ, ಮೂರ್ಛೆ ತಿಳಿದೆದ್ದ ಸೀತೆ ಏನು ಹೇಳಬಹುದಿತ್ತು ಬರೆಯಿರಿ ಎಂದು ಕೊಟ್ಟೆ. ಹುಡುಗರು ಹೆಚ್ಚಿನವರು ಸೀತೆಯಿಂದ ರಾವಣನಿಗೆ ಕ್ಷಮೆ ಕೊಡಿಸಿ ಅರ್ಧ ಪುಟಕ್ಕೆ ಮುಗಿಸಿದರು. ಹುಡುಗಿಯರು ಹಾಳೆ ಕೇಳಿ ಕೇಳಿ ಬರೆದರು. ಹಿಂದಿನ ಬೆಂಚಿನ ಒಬ್ಬಳು, ಮೂರೂ ಹೊತ್ತು ತೂಕಡಿಸುವವಳು, ಬರೆದದ್ದು ಎರಡೇ ಸಾಲು. ರಾವಣನ ಯುದ್ಧದ ಲೆಕ್ಕಾಚಾರವನ್ನೆಲ್ಲ ಕೇಳಿಸಿಕೊಂಡ ಸೀತೆ ಹೇಳುತ್ತಾಳೆ: “ಮನಸ್ಸು ತಿಳಿಯಾಯಿತು ಅಂತೀಯಲ್ಲ, ಮತ್ತೆ ಯುದ್ಧ ಯಾಕೆ? ಬರುವಾಗ ವಿಮಾನದಲ್ಲಿ ತಂದೆಯಲ್ಲ, ಅದರಲ್ಲೇ ಇವತ್ತು ಬಿಟ್ಟು ಬಾ.”